ಉಪಗ್ರಹ ಚಿತ್ರದಲ್ಲಿ ಪರಮಾಣು ಸ್ಥಾವರ ಓದುವ ಕೆಲಸ: ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನವರಿಗೆ ಸಮಗ್ರ ಮಾರ್ಗದರ್ಶಿ

ಗೌರಿಬಿದನೂರಿನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪ ಮಾಪನ ಕೇಂದ್ರ ಇದೆ ಎಂಬುದು ನಮ್ಮ ಕಡೆಯವರಿಗೆ ಗೊತ್ತು. ಅದನ್ನು ಯಾಕೆ ಕಟ್ಟಿದರು ಎಂಬುದು ಅಷ್ಟಾಗಿ ಗೊತ್ತಿಲ್ಲ. 1960ರ ದಶಕದ ಮಧ್ಯದಲ್ಲಿ ಬ್ರಿಟನ್ನಿನ ಪರಮಾಣು ಶಕ್ತಿ ಸಂಸ್ಥೆಯ ಸಹಯೋಗದಲ್ಲಿ ಅದು ತಲೆಯೆತ್ತಿತು. ದೂರದ ದೇಶಗಳಲ್ಲಿ ನೆಲದಡಿ ನಡೆಯುವ ಅಣುಸ್ಫೋಟಗಳ ಕಂಪನ ಹಿಡಿಯುವುದು, ಅದನ್ನು ಸಹಜ ಭೂಕಂಪದಿಂದ ಬೇರ್ಪಡಿಸುವುದು ಅದರ ಉದ್ದೇಶವಾಗಿತ್ತು. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗಾ ಕೇಂದ್ರಗಳೂ ಇದೇ ಮಾದರಿಯವು. ಅಂದರೆ ಪರಮಾಣು ಪರಿಶೀಲನೆ ಎಂಬ ಕೆಲಸ ನಮ್ಮ ತಾಲ್ಲೂಕಿಗೆ ಹೊಸದಲ್ಲ.

ಕಂಪನ ಅಳೆಯುವುದು ಈ ಕೆಲಸದ ಒಂದು ಕೈಯಾದರೆ, ಮೇಲಿನಿಂದ ನೋಡುವುದು ಇನ್ನೊಂದು. ಉಪಗ್ರಹ ಚಿತ್ರಗಳನ್ನು ಓದಿ ಇದು ರಿಯಾಕ್ಟರ್ ಇರಬಹುದೇ, ಕೆಲಸ ಮಾಡುತ್ತಿದೆಯೇ, ಕಳೆದ ತಿಂಗಳಿಗಿಂತ ಏನು ಬದಲಾಗಿದೆ ಎಂದು ಹೇಳುವ ವಿಶ್ಲೇಷಕರ ಕೆಲಸದ ಬಗ್ಗೆ ಈ ಬರಹ. ಭೂಗೋಳ, ಭೂವಿಜ್ಞಾನ, ಸಿವಿಲ್ ಅಥವಾ ಎಲೆಕ್ಟ್ರಾನಿಕ್ಸ್ ಓದುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಬೇರೆ ವಿಷಯ ಓದಿದವರು ದೂರ ಉಳಿಯಬೇಕಾಗಿಲ್ಲ.

ನನ್ನ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ನೀವು ಮುಂದೆ ನೋಡುವ ಜಾಗಗಳಿಗೆ ನಿಮಗೆ ಹೋಗಲು ಆಗುವುದಿಲ್ಲ. ಆದ್ದರಿಂದ ಕಣ್ಣನ್ನು ಪಳಗಿಸಬೇಕಾದದ್ದು ಹೋಗಿ ನೋಡಲು ಆಗುವ ಜಾಗಗಳಲ್ಲಿ. ಅದಕ್ಕೆ ನಮ್ಮ ಮೂರು ಜಿಲ್ಲೆಗಳಷ್ಟು ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ.

ಕೆಲಸ ಎಂದರೆ ಏನು

ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ (ಐಎಇಎ) 1957ರಲ್ಲಿ ಸ್ಥಾಪನೆಯಾಯಿತು. ಅದರ ಕೇಂದ್ರ ಕಚೇರಿ ಆಸ್ಟ್ರಿಯಾದ ವಿಯೆನ್ನಾದಲ್ಲಿದೆ. ಶಾಂತಿಯುತ ಬಳಕೆಗೆಂದು ಇಟ್ಟ ಪರಮಾಣು ವಸ್ತು ಬಾಂಬಿನ ಕಡೆಗೆ ತಿರುಗಿಲ್ಲ ಎಂದು ಖಚಿತಪಡಿಸಿಕೊಳ್ಳುವುದು ಅದರ ಸೇಫ್‌ಗಾರ್ಡ್ಸ್ ವಿಭಾಗದ ಹೊಣೆ. 1990ರ ದಶಕದ ಆರಂಭದಲ್ಲಿ ಇರಾಕಿನ ಗುಪ್ತ ಕಾರ್ಯಕ್ರಮ ಬಯಲಾದಾಗ ಒಂದು ಸಂಗತಿ ಸ್ಪಷ್ಟವಾಯಿತು: ದೇಶ ತಾನಾಗಿ ಘೋಷಿಸಿದ ಜಾಗಗಳನ್ನು ಮಾತ್ರ ನೋಡಿದರೆ ಸಾಲದು. 1997ರಲ್ಲಿ ಬಂದ ಹೆಚ್ಚುವರಿ ಪ್ರೋಟೊಕಾಲ್ ಎಂಬ ಒಪ್ಪಂದದ ಮಾದರಿ ಅದರ ಫಲ. ಅದಕ್ಕೆ ಒಪ್ಪಿದ ದೇಶಗಳು ಪ್ರತಿ ಪರಮಾಣು ನಿವೇಶನದ ನಕ್ಷೆಯನ್ನೂ ಅಲ್ಲಿನ ಒಂದೊಂದು ಕಟ್ಟಡದ ವಿವರ ಮತ್ತು ಬಳಕೆಯನ್ನೂ ಕೊಡಬೇಕು. ಆ ಪಟ್ಟಿಯನ್ನು ಚಿತ್ರದ ಜೊತೆ ತಾಳೆ ನೋಡುವುದು ವಿಶ್ಲೇಷಕರ ದಿನನಿತ್ಯದ ಕೆಲಸಗಳಲ್ಲಿ ಒಂದು. ತನಿಖಾಧಿಕಾರಿಗಳು ಹೊರಡುವ ಮುನ್ನ ಅವರಿಗೆ ಜಾಗದ ಪರಿಚಯ ಮಾಡಿಕೊಡುವುದು ಇನ್ನೊಂದು.

ಕೆಲವೊಮ್ಮೆ ಚಿತ್ರವೇ ಮುಖ್ಯ ಆಧಾರ. ಉತ್ತರ ಕೊರಿಯಾ 2009ರ ಏಪ್ರಿಲ್‌ನಲ್ಲಿ ಐಎಇಎ ತನಿಖಾಧಿಕಾರಿಗಳನ್ನು ಹೊರಗೆ ಕಳಿಸಿತು. ಅಲ್ಲಿಂದೀಚೆಗೆ ಯೋಂಗ್‌ಬ್ಯೋನ್ ಸ್ಥಾವರದ ಬಗ್ಗೆ ಸಂಸ್ಥೆ ಹೇಳುವುದೆಲ್ಲ ಬಹುಪಾಲು ಉಪಗ್ರಹ ಚಿತ್ರಗಳನ್ನು ನೆಚ್ಚಿಕೊಂಡಿದೆ.

ಸರ್ಕಾರಗಳ ಹೊರಗೂ ಈ ಕೆಲಸ ನಡೆಯುತ್ತದೆ. 1999ರಲ್ಲಿ ಹಾರಿದ ಇಕೊನಾಸ್ ಉಪಗ್ರಹ ಒಂದು ಮೀಟರ್ ವಿವರದ (ಚಿತ್ರದ ಒಂದು ಚುಕ್ಕೆ ನೆಲದ ಮೇಲೆ ಒಂದು ಮೀಟರ್) ಚಿತ್ರಗಳನ್ನು ಹಣ ಕೊಟ್ಟವರಿಗೆಲ್ಲ ಮಾರಲು ಶುರುಮಾಡಿದ ಮೇಲೆ, ವಿಶ್ವವಿದ್ಯಾಲಯಗಳೂ ಸ್ವತಂತ್ರ ಸಂಸ್ಥೆಗಳೂ ಇದರೊಳಗೆ ಬಂದವು. ಇರಾನಿನ ಗುಪ್ತ ಪರಮಾಣು ನಿವೇಶನಗಳಾದ ನತಾಂಜ್ ಮತ್ತು ಅರಾಕ್‌ಗಳ ಹೆಸರು 2002ರ ಆಗಸ್ಟ್‌ನಲ್ಲಿ ಹೊರಬಿತ್ತು. ಅದೇ ವರ್ಷ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನ ಒಂದು ಸ್ವತಂತ್ರ ಸಂಸ್ಥೆ ಎರಡೂ ಜಾಗಗಳ ಚಿತ್ರಗಳನ್ನು ಜಗತ್ತಿನ ಮುಂದಿಟ್ಟಿತು. 2021ರಲ್ಲಿ ಚೀನಾದ ಯುಮೆನ್ ಬಳಿಯ ಮರುಭೂಮಿಯಲ್ಲಿ ನೂರಕ್ಕೂ ಹೆಚ್ಚು ಕ್ಷಿಪಣಿ ಗುಂಡಿಗಳ ನಿರ್ಮಾಣವನ್ನು ಹುಡುಕಿ ಹೇಳಿದ್ದೂ ಹೀಗೆ ಹೊರಗಿನಿಂದ ಕೆಲಸ ಮಾಡುವ ಸಂಶೋಧಕರೇ.

ಹೆಜ್ಜೆ 1: ಸಲಕರಣೆ ಜೋಡಿಸಿಕೊಳ್ಳಿ

ಇದಕ್ಕೆ ದುಡ್ಡು ಬೇಡ. ಸಾಧಾರಣ ಲ್ಯಾಪ್‌ಟಾಪ್, ಇಂಟರ್ನೆಟ್ ಇದ್ದರೆ ಸಾಕು.

ಗೂಗಲ್ ಅರ್ಥ್ ಪ್ರೊ ಉಚಿತ. ಅದರ ಹಳೆಯ ಚಿತ್ರಗಳ ಸ್ಲೈಡರ್ ನಿಮ್ಮ ಮೊದಲ ಗುರು. ಕ್ಯೂಜಿಐಎಸ್ ಕೂಡ ಉಚಿತ ತಂತ್ರಾಂಶ, ಅಳತೆ ಮತ್ತು ನಕ್ಷೆಯ ಕೆಲಸವೆಲ್ಲ ಅದರಲ್ಲಿ. ಯುರೋಪಿನ ಸೆಂಟಿನೆಲ್ ಚಿತ್ರಗಳಿಗೆ ಕೋಪರ್ನಿಕಸ್ ಬ್ರೌಸರ್, ಅಮೆರಿಕದ ಲ್ಯಾಂಡ್‌ಸ್ಯಾಟ್‌ಗೆ ಅರ್ಥ್ ಎಕ್ಸ್‌ಪ್ಲೋರರ್, ನಮ್ಮದೇ ಉಪಗ್ರಹಗಳಿಗೆ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಭುವನ್ ಮತ್ತು ಭೂನಿಧಿ ತಾಣಗಳಿವೆ. ಎಲ್ಲ ಕಡೆ ಖಾತೆ ತೆರೆದಿಟ್ಟುಕೊಳ್ಳಿ.

ಯಾವ ಚಿತ್ರದಲ್ಲಿ ಏನು ಕಾಣುತ್ತದೆ ಎಂಬ ಅಂದಾಜು ಮೊದಲೇ ಇರಲಿ. ಸೆಂಟಿನೆಲ್-2ರ ಒಂದು ಚುಕ್ಕೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಹೊಸ ರಸ್ತೆ, ಅಗೆದ ನೆಲ, ದೊಡ್ಡ ಶೆಡ್ಡು ಕಾಣುತ್ತವೆ, ಲಾರಿ ಕಾಣುವುದಿಲ್ಲ. ಆದರೆ ಎರಡು ಉಪಗ್ರಹ ಸೇರಿ ಐದು ದಿನಕ್ಕೊಮ್ಮೆ ಅದೇ ಜಾಗ ತೋರಿಸುತ್ತವೆ. ಪ್ಲಾನೆಟ್ ಕಂಪನಿಯ ಪುಟ್ಟ ಉಪಗ್ರಹಗಳು ಸುಮಾರು 3 ಮೀಟರ್ ವಿವರದಲ್ಲಿ ಹೆಚ್ಚುಕಡಿಮೆ ದಿನವೂ ತೆಗೆಯುತ್ತವೆ. ವರ್ಲ್ಡ್‌ವ್ಯೂ-3ರ ವಿವರ 31 ಸೆಂಟಿಮೀಟರ್. ಅದರಲ್ಲಿ ವಾಹನದ ಬಗೆ, ಬೇಲಿ, ಚಾವಣಿಯ ಮೇಲಿನ ಫ್ಯಾನುಗಳು ಸಿಗುತ್ತವೆ. ಹೊಸಬರು ಹೆಚ್ಚು ವಿವರದ ಚಿತ್ರಕ್ಕೇ ಹಂಬಲಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ, ಕಲಿಯುವ ಹೊತ್ತಿನಲ್ಲಿ ಒಂದು ಅಪರೂಪದ ಚೂಪು ಚಿತ್ರಕ್ಕಿಂತ ಐದೈದು ದಿನಕ್ಕೊಮ್ಮೆ ಸಿಗುವ ಮಸುಕು ಚಿತ್ರಗಳ ಸಾಲೇ ಹೆಚ್ಚು ಕಲಿಸುತ್ತದೆ.

ಹೆಜ್ಜೆ 2: ನಿಮ್ಮ ಊರನ್ನು ಮೇಲಿನಿಂದ ಓದಿ, ಆಮೇಲೆ ಹೋಗಿ ನೋಡಿ

ಸಂಶಯಾಸ್ಪದವಾದದ್ದನ್ನು ಗುರುತಿಸುವ ಮೊದಲು ಸಾಮಾನ್ಯವಾದದ್ದು ಹೇಗಿರುತ್ತದೆ ಎಂದು ಗೊತ್ತಿರಬೇಕು. ಈ ಕೆಲಸದಲ್ಲಿ ಎಡವುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ರಿಯಾಕ್ಟರ್ ಬಗ್ಗೆ ಓದಿಕೊಂಡಿರುತ್ತಾರೆ, ಕೋಳಿ ಫಾರಂ ಮೇಲಿನಿಂದ ಹೇಗೆ ಕಾಣುತ್ತದೆ ಎಂದು ಗೊತ್ತಿರುವುದಿಲ್ಲ.

ಅಭ್ಯಾಸ ಹೀಗೆ ಮಾಡಿ. ನಿಮ್ಮ ಊರಿನಿಂದ ಬೈಕಿನಲ್ಲಿ ಹೋಗಿಬರುವಷ್ಟು ದೂರದಲ್ಲಿ, ನಿಮಗೆ ಪರಿಚಯವಿಲ್ಲದ ಎರಡು ಕಿಲೋಮೀಟರ್ ಚೌಕ ಆರಿಸಿ. ಚಿತ್ರ ನೋಡಿ ಅಲ್ಲಿರುವ ಒಂದೊಂದು ವಸ್ತುವಿನ ಬಗ್ಗೆ ನಿಮ್ಮ ಊಹೆ ಬರೆದಿಡಿ. ಎಷ್ಟು ಖಚಿತ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಬರೆಯದೆ ಹೋಗಬೇಡಿ. ಬರೆಯದಿದ್ದರೆ, ಸ್ಥಳ ನೋಡಿದ ಮೇಲೆ ‘ನಾನು ಅಂದುಕೊಂಡದ್ದೂ ಇದನ್ನೇ’ ಎಂದು ಮನಸ್ಸು ಹೇಳಿಬಿಡುತ್ತದೆ. ಆಮೇಲೆ ಹೋಗಿ ನೋಡಿ, ಕೇಳಿ, ತಿದ್ದಿ. ಖಾಸಗಿ ಜಮೀನಾದರೆ ರಸ್ತೆಯಿಂದಲೇ ನೋಡಿ, ಇಲ್ಲವೇ ಜಮೀನಿನವರನ್ನು ಕೇಳಿ ಒಳಗೆ ಹೋಗಿ. ‘ಯಜಮಾನ್ರೇ, ಕಾಲೇಜಿನ ಕೆಲಸಕ್ಕೆ ಬಂದಿದೀನಿ, ಈ ಶೆಡ್ಡು ಏನಕ್ಕೆ?’ ಎಂದರೆ ನಮ್ಮ ಕಡೆ ಯಾರೂ ಸಿಡುಕುವುದಿಲ್ಲ. ಬೇಡ ಎಂದರೆ ವಾಪಸು ಬನ್ನಿ.

ಕೋಲಾರ, ಚಿಕ್ಕಬಳ್ಳಾಪುರದಲ್ಲಿ ನಿಮಗೆ ಎದುರಾಗುವ ಕೆಲವು ವಸ್ತುಗಳು ಇವು. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡ ಅಂಚು ಕತ್ತರಿಸಿದಂತಿರುವ ಕಪ್ಪು ಚೌಕ. ಅದನ್ನು ಕಾರ್ಖಾನೆಯ ತ್ಯಾಜ್ಯದ ಕೊಳವೆಂದು ಭಾವಿಸುವುದು ತೀರಾ ಸುಲಭ. ಕೋಳಿ ಫಾರಂ ಒಂದರ ಪಕ್ಕ ಒಂದು ಸಾಲಾಗಿ ನಿಂತ ಉದ್ದನೆಯ ಶೆಡ್ಡುಗಳು, ಸುತ್ತ ಬೇಲಿ, ಒಂದೇ ಗೇಟು. ಗೊತ್ತಿಲ್ಲದವರಿಗೆ ಸೇನಾ ಉಗ್ರಾಣದಂತೆ ಕಾಣುತ್ತದೆ. ಪಾಲಿಹೌಸು ಹಾಲುಬಿಳುಪು, ದ್ರಾಕ್ಷಿ ಚಪ್ಪರ ನೇಯ್ದಂತಿರುವ ಹಸಿರು. ಟೊಮೆಟೊ ಕಾಲದಲ್ಲಿ ಮಲ್ಚಿಂಗ್ ಶೀಟು ಹಾಕಿದ ಹೊಲ ಬೆಳ್ಳಿಯಂತೆ ಹೊಳೆದು, ಬೆಳೆ ಎದ್ದ ಮೇಲೆ ಮಾಯವಾಗುತ್ತದೆ.

ಪಾವಗಡದ ಸೋಲಾರ್ ಪಾರ್ಕು ಇನ್ನೊಂದು ಒಳ್ಳೆಯ ಪಾಠ. 2050 ಮೆಗಾವ್ಯಾಟ್ ಸಾಮರ್ಥ್ಯ, ಸುಮಾರು 13,000 ಎಕರೆ. ಸೆಂಟಿನೆಲ್‌ನ ಸಹಜ ಬಣ್ಣದ ಚಿತ್ರದಲ್ಲಿ ಅದರ ಫಲಕಗಳ ಸಾಲು ತುಂಬಿದ ಕೆರೆಯಂತೆ ಕಪ್ಪುನೀಲಿಯಾಗಿರುತ್ತದೆ. ಕೆರೆಯೋ ಫಲಕವೋ ಎಂದು ಹೇಗೆ ತೀರ್ಮಾನಿಸುತ್ತೀರಿ? ಏಪ್ರಿಲ್ ತಿಂಗಳ ಚಿತ್ರ ತೆಗೆಯಿರಿ. ಪಾವಗಡದ ಬಿಸಿಲಿಗೆ ಕೆರೆ ಕುಗ್ಗುತ್ತದೆ, ಫಲಕ ಕುಗ್ಗುವುದಿಲ್ಲ. ಒಂದು ಚಿತ್ರ ಬಿಡಿಸಲಾಗದ ಒಗಟನ್ನು ಕಾಲ ಬಿಡಿಸುತ್ತದೆ. 2016ರಿಂದ ಮುಂದಕ್ಕೆ ಒಂದೊಂದೇ ವರ್ಷದ ಚಿತ್ರ ಇಟ್ಟುಕೊಂಡು ಹೋದರೆ, ನೆಲ ಸಮತಟ್ಟು ಮಾಡುವುದರಿಂದ ವಿದ್ಯುತ್ ಉಪಕೇಂದ್ರ ಏಳುವವರೆಗೆ ಒಂದು ದೊಡ್ಡ ಯೋಜನೆ ಯಾವ ಕ್ರಮದಲ್ಲಿ ಮೈದಳೆಯುತ್ತದೆ ಎಂದು ಕಣ್ಣಿಗೆ ಕಟ್ಟುತ್ತದೆ.

ಕೆಜಿಎಫ್‌ಗೆ ಹೋಗದೆ ಈ ಹೆಜ್ಜೆ ಮುಗಿಯುವುದಿಲ್ಲ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಆದರೆ ಚಿನ್ನ ತೆಗೆದು ಉಳಿದ ಪುಡಿಯ ಸೈನೈಡ್ ದಿಬ್ಬಗಳು ಊರಿನ ಉದ್ದಕ್ಕೂ ನಿಂತಿವೆ. ಚಿತ್ರದಲ್ಲಿ ನೋಡಿ: ಚಪ್ಪಟೆ ನೆತ್ತಿ, ಮಳೆನೀರು ಕೊರೆದ ಸೀಳುಗಳಿರುವ ಇಳಿಜಾರು, ಗಿಡ ಹಿಡಿಯದ ಮಾಸಲು ಬಣ್ಣ. ಶಾಫ್ಟುಗಳ ಮೇಲಿನ ಉಕ್ಕಿನ ಗೋಪುರಗಳು ನೇರ ಮೇಲಿನಿಂದ ಸಣ್ಣ ಚುಕ್ಕೆಗಳು, ಅವುಗಳ ನೆರಳು ಮಾತ್ರ ಜಾಲರಿಯಂತೆ ನೆಲದ ಮೇಲೆ ಚಾಚಿರುತ್ತದೆ. ಈಗ ನಮೀಬಿಯಾದ ರೋಸಿಂಗ್ ಯುರೇನಿಯಂ ಗಣಿಯ ಚಿತ್ರ ತೆರೆದು ಅಲ್ಲಿನ ತ್ಯಾಜ್ಯ ದಿಬ್ಬಗಳ ಜೊತೆ ಹೋಲಿಸಿ. ಅದಿರು ಅರೆದು ರಾಸಾಯನಿಕದಲ್ಲಿ ತೊಳೆಯುವ ಯಾವ ಗಣಿಯಾದರೂ ಇಂಥದೇ ಗುರುತುಗಳನ್ನು ಬಿಡುತ್ತದೆ. ಅದು ಚಿನ್ನವೋ ತಾಮ್ರವೋ ಯುರೇನಿಯಮ್ಮೋ ಎಂದು ದಿಬ್ಬ ಒಂದೇ ಹೇಳುವುದಿಲ್ಲ. ಯುರೇನಿಯಂ ಎನ್ನಬೇಕಾದರೆ ಭೂವಿಜ್ಞಾನದ ವರದಿ, ಆಸಿಡ್ ಘಟಕ, ಸಾಗಾಟದ ದಾರಿ, ದೇಶದ ಘೋಷಣೆ ಎಲ್ಲವೂ ಕೂಡಿಬರಬೇಕು.

ಹೆಜ್ಜೆ 3: ನೆರಳಿನ ಲೆಕ್ಕ

ನೆರಳು ಓದಲು ಬಾರದವರು ಈ ಕೆಲಸಕ್ಕೆ ಆಗುವುದಿಲ್ಲ. ಇದನ್ನು ನಿಧಾನವಾಗಿ ಕಲಿಯಿರಿ.

ಹೆಚ್ಚಿನ ಉಪಗ್ರಹಗಳು ಬೆಳಗ್ಗೆ ಹತ್ತು, ಹತ್ತೂವರೆಯ ಸುಮಾರಿಗೆ ತಲೆಯ ಮೇಲೆ ಹಾದುಹೋಗುತ್ತವೆ. ಚಿತ್ರದ ಜೊತೆ ಬರುವ ಮಾಹಿತಿ ಕಡತದಲ್ಲಿ ಆ ಕ್ಷಣ ಸೂರ್ಯ ಕ್ಷಿತಿಜದಿಂದ ಎಷ್ಟು ಡಿಗ್ರಿ ಮೇಲಿದ್ದ ಎಂದು ಬರೆದಿರುತ್ತದೆ. ನೆಲ ಸಮತಟ್ಟಾಗಿದ್ದರೆ ನೆರಳಿನ ಉದ್ದವನ್ನು ಆ ಕೋನದ ಟ್ಯಾಂಜೆಂಟ್‌ನಿಂದ ಗುಣಿಸಿದರೆ ವಸ್ತುವಿನ ಎತ್ತರ ಸಿಗುತ್ತದೆ. ಪಿಯುಸಿಯ ತ್ರಿಕೋನಮಿತಿ, ಅಷ್ಟೇ.

30 ಮೀಟರ್ ಎತ್ತರದ ಒಂದು ಚಿಮಣಿ ತೆಗೆದುಕೊಳ್ಳಿ. ಡಿಸೆಂಬರ್ ಕೊನೆಯಲ್ಲಿ ಸ್ಥಳೀಯ ಸೌರ ಸಮಯ ಹತ್ತೂವರೆಗೆ ಗೌರಿಬಿದನೂರಿನಲ್ಲಿ ಸೂರ್ಯ ಸುಮಾರು 47 ಡಿಗ್ರಿ ಮೇಲಿರುತ್ತಾನೆ, ನೆರಳು ಸುಮಾರು 28 ಮೀಟರ್. ಅದೇ ದಿನ, ಅದೇ ಹೊತ್ತಿಗೆ ಯೋಂಗ್‌ಬ್ಯೋನ್‌ನಲ್ಲಿ ಸೂರ್ಯ 23 ಡಿಗ್ರಿಯಷ್ಟೇ ಮೇಲೆ, ಅದೇ ಚಿಮಣಿಯ ನೆರಳು ಸುಮಾರು 70 ಮೀಟರ್. ಉತ್ತರದ ದೇಶಗಳ ಚಳಿಗಾಲದ ಚಿತ್ರಗಳನ್ನು ವಿಶ್ಲೇಷಕರು ಇಷ್ಟಪಡುವುದು ಇದಕ್ಕೇ. ತೆಳ್ಳಗಿನ ಕಂಬ ಕೂಡ ಉದ್ದನೆಯ ನೆರಳು ಚಾಚಿ ತನ್ನ ಆಕಾರ ಬಿಟ್ಟುಕೊಡುತ್ತದೆ.

ನಮ್ಮ ಕಡೆ ಇನ್ನೊಂದು ವಿಶೇಷ ಇದೆ. ಮೇ, ಜೂನ್, ಜುಲೈನಲ್ಲಿ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಸರಿದಿರುತ್ತಾನೆ, ಬೆಳಗಿನ ನೆರಳು ನೈಋತ್ಯದ ಕಡೆ ಬೀಳುತ್ತದೆ. ಡಿಸೆಂಬರಿನಲ್ಲಿ ವಾಯವ್ಯಕ್ಕೆ. ಇದು ಕಣ್ಣಿಗೆ ಮಾಡುವ ಮೋಸ ದೊಡ್ಡದು. ನೆರಳು ಚಿತ್ರದ ಮೇಲ್ಭಾಗಕ್ಕೆ ಬಿದ್ದಿದ್ದರೆ ಮನುಷ್ಯನ ಮೆದುಳು ಗುಂಡಿಯನ್ನು ದಿಬ್ಬವೆಂದೂ ದಿಬ್ಬವನ್ನು ಗುಂಡಿಯೆಂದೂ ಓದುತ್ತದೆ. ಚಿಕ್ಕಬಳ್ಳಾಪುರದ ಯಾವುದಾದರೂ ಕಲ್ಲುಕ್ವಾರಿಯ ಡಿಸೆಂಬರ್ ಚಿತ್ರ ತೆರೆಯಿರಿ. ಆಳವಾಗಿ ಬಂಡೆ ಕತ್ತರಿಸಿದ ಗುಂಡಿ ಮೆಟ್ಟಿಲು ಮೆಟ್ಟಿಲಾಗಿ ಮೇಲೆದ್ದ ಗುಡ್ಡದಂತೆ ಕಾಣಬಹುದು. ಚಿತ್ರವನ್ನು ತಿರುಗಿಸಿ, ನೆರಳು ನಿಮ್ಮ ಕಡೆಗೆ ಬೀಳುವಂತೆ ಇಡಿ. ಗುಡ್ಡ ಒಮ್ಮೆಲೇ ಒಳಕ್ಕೆ ಇಳಿಯುತ್ತದೆ. ಸುರಂಗದ ಬಾಯಿ, ಅದರೆದುರು ಸುರಿದ ಮಣ್ಣು ಇವನ್ನು ಓದುವಾಗ ಈ ಒಂದು ಅಭ್ಯಾಸ ನಿಮ್ಮನ್ನು ಎಷ್ಟೋ ತಪ್ಪು ತೀರ್ಮಾನಗಳಿಂದ ಉಳಿಸುತ್ತದೆ.

ಉಪಗ್ರಹ ಓರೆಯಾಗಿ ನೋಡಿ ತೆಗೆದ ಚಿತ್ರದಲ್ಲಿ ಎತ್ತರದ ಕಟ್ಟಡಗಳು ಒಂದು ಕಡೆ ವಾಲಿದಂತಿರುತ್ತವೆ. ಆಗ ಚಾವಣಿಯ ಅಂಚಿನಿಂದ ಅಳೆಯಬೇಡಿ, ಗೋಡೆ ನೆಲ ಮುಟ್ಟುವಲ್ಲಿಂದ ಅಳೆಯಿರಿ.

ಹೆಜ್ಜೆ 4: ಪರಮಾಣು ಇಂಧನದ ದಾರಿ ಗೊತ್ತಿರಲಿ

ಅದಿರಿನಿಂದ ಬಾಂಬಿನವರೆಗೆ ಅಥವಾ ವಿದ್ಯುತ್ತಿನವರೆಗೆ ಯುರೇನಿಯಂ ಸಾಗುವ ದಾರಿಯಲ್ಲಿ ಪ್ರತಿ ಘಟ್ಟವೂ ನೆಲದ ಮೇಲೆ ತನ್ನದೇ ಗುರುತು ಬಿಡುತ್ತದೆ. ಕೆಲವು ಗುರುತು ದಪ್ಪ, ಕೆಲವು ತೀರಾ ತೆಳು.

ರಿಯಾಕ್ಟರ್ ದಪ್ಪ ಗುರುತಿನದು. ಅದಕ್ಕೆ ಬಿಸಿ ಹೊರಹಾಕಲೇಬೇಕು, ಆದ್ದರಿಂದ ಕೂಲಿಂಗ್ ಟವರ್ ಇಲ್ಲವೇ ನದಿ, ಸಮುದ್ರ, ಜಲಾಶಯದಿಂದ ನೀರೆತ್ತುವ ಪಂಪ್‌ಹೌಸ್ ಇರುತ್ತದೆ. ಚಿಮಣಿ, ಗಟ್ಟಿ ಗೋಡೆಯ ಎತ್ತರದ ಕಟ್ಟಡ, ವಿದ್ಯುತ್ ಮಾಡುವುದಾದರೆ ಅದನ್ನು ತಂತಿಗಳಿಗೆ ಹರಿಸುವ ಸ್ವಿಚ್‌ಯಾರ್ಡ್ ಕೂಡ. ಬಳಸಿದ ಇಂಧನದಿಂದ ಪ್ಲುಟೋನಿಯಂ ತೆಗೆಯುವ ಘಟಕ ಸಾಮಾನ್ಯವಾಗಿ ಕಿಟಕಿಯಿಲ್ಲದ ಉದ್ದನೆಯ ದಪ್ಪಗೋಡೆಯ ಕಟ್ಟಡ. ಅದಕ್ಕೆ ಎತ್ತರದ ಚಿಮಣಿಯೂ ತ್ಯಾಜ್ಯದ ಟ್ಯಾಂಕುಗಳೂ ಇರುತ್ತವೆ. ಯೋಂಗ್‌ಬ್ಯೋನ್‌ನಲ್ಲಿ ಆ ಘಟಕಕ್ಕೆ ಹಬೆ ಒದಗಿಸುವ ಬಾಯ್ಲರ್ ಮನೆಯ ಹೊಗೆಯನ್ನು ವಿಶ್ಲೇಷಕರು ತಿಂಗಳುಗಟ್ಟಲೆ ಕಾಯುತ್ತಾರೆ.

ಯುರೇನಿಯಂ ಸಂವರ್ಧನೆಯದು, ಅಂದರೆ ಇಂಧನಕ್ಕೋ ಬಾಂಬಿಗೋ ಬೇಕಾದ ಬಗೆಯ ಯುರೇನಿಯಂನ ಪಾಲು ಹೆಚ್ಚಿಸುವ ಕೆಲಸದ್ದು, ತೆಳು ಗುರುತು. ಹಳೆಯ ಕಾಲದ ಅನಿಲ ವಿಸರಣೆ ವಿಧಾನಕ್ಕೆ ಮಹಾಗಾತ್ರದ ಕಟ್ಟಡ, ವಿಪರೀತ ವಿದ್ಯುತ್ ಬೇಕಿತ್ತು. ಅತಿ ವೇಗವಾಗಿ ತಿರುಗಿ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಯಂತ್ರ ಬಂದ ಮೇಲೆ ಅದೇ ಕೆಲಸ ಸಾಧಾರಣ ಕಾರ್ಖಾನೆ ಶೆಡ್ಡಿನೊಳಗೆ ಆಗುತ್ತದೆ. 2010ರ ನವೆಂಬರಿನಲ್ಲಿ ಅಮೆರಿಕದ ವಿಜ್ಞಾನಿ ಸೀಗ್‌ಫ್ರಿಡ್ ಹೆಕರ್ ಅವರಿಗೆ ಯೋಂಗ್‌ಬ್ಯೋನ್‌ನವರೇ ಕರೆದು ತೋರಿಸುವವರೆಗೆ, ನೀಲಿ ಚಾವಣಿಯ ಆ ಕಟ್ಟಡದೊಳಗೆ ಸೆಂಟ್ರಿಫ್ಯೂಜ್‌ಗಳಿವೆ ಎಂದು ಹೊರಜಗತ್ತಿಗೆ ಖಚಿತವಿರಲಿಲ್ಲ. 2013ರಲ್ಲಿ ಆ ಚಾವಣಿ ಎರಡರಷ್ಟಾದದ್ದನ್ನು ಮಾತ್ರ ಚಿತ್ರಗಳು ಸ್ಪಷ್ಟವಾಗಿ ಹಿಡಿದವು.

ಗುರುತು ಕಾಣಲಿಲ್ಲ ಎಂದರೆ ವಸ್ತು ಇಲ್ಲ ಎಂದಲ್ಲ. ಸಿರಿಯಾದ ಅಲ್ ಕಿಬರ್‌ನಲ್ಲಿ ರಿಯಾಕ್ಟರಿನ ಕಟ್ಟಡಕ್ಕೆ ಹೊರಗೋಡೆ ಹೊದಿಸಿ ಆಕಾರ ಮರೆಸಿದ್ದರು. ಕೂಲಿಂಗ್ ಟವರ್ ಇರಲಿಲ್ಲ, ಯೂಫ್ರಟೀಸ್ ನದಿಯಿಂದ ನೀರು ನೆಲದಡಿಯ ಪೈಪಿನಲ್ಲಿ ಬರುತ್ತಿತ್ತು. 2007ರ ಸೆಪ್ಟೆಂಬರ್ 6ರಂದು ಇಸ್ರೇಲ್ ಅದನ್ನು ಧ್ವಂಸ ಮಾಡಿತು. ಅದು ರಿಯಾಕ್ಟರ್ ಆಗಿದ್ದಿರುವ ಸಾಧ್ಯತೆ ತುಂಬಾ ಹೆಚ್ಚು ಎಂದು ಐಎಇಎ ಹೇಳಿದ್ದು 2011ರ ಮೇ ತಿಂಗಳಲ್ಲಿ.

ಮರೆಮಾಡುವವರ ಜಾಣ್ಮೆಗೆ ನಮ್ಮ ದೇಶದ್ದೇ ಉದಾಹರಣೆ ಇದೆ. 1995ರಲ್ಲಿ ಪೋಖ್ರಾನ್ ಪರೀಕ್ಷೆಯ ಸಿದ್ಧತೆ ಅಮೆರಿಕದ ಉಪಗ್ರಹಗಳ ಕಣ್ಣಿಗೆ ಬಿತ್ತು, ಒತ್ತಡ ಬಂತು, ಕೆಲಸ ನಿಂತಿತು. 1998ರಲ್ಲಿ ರಾತ್ರಿ ಹೊತ್ತು ಕೆಲಸ ಮಾಡಿದರು. ಬೆಳಗಾಗುವ ಮೊದಲು ಯಂತ್ರಗಳನ್ನು ಮೊದಲಿದ್ದ ಜಾಗಕ್ಕೇ ತಂದು ನಿಲ್ಲಿಸಿದರು, ಕೇಬಲ್‌ಗಳನ್ನು ಮರಳಲ್ಲಿ ಮುಚ್ಚಿದರು. ಮೇ 11ರ ಸ್ಫೋಟದ ಸುಳಿವು ಅಮೆರಿಕಕ್ಕೆ ಮೊದಲೇ ಸಿಗಲಿಲ್ಲ. ಉಪಗ್ರಹ ಯಾವಾಗ ಬರುತ್ತದೆ ಎಂದು ಕೆಳಗಿರುವವರಿಗೂ ಗೊತ್ತಿರುತ್ತದೆ ಎಂಬುದನ್ನು ವಿಶ್ಲೇಷಕರು ಎಂದೂ ಮರೆಯಬಾರದು.

ಹೆಜ್ಜೆ 5: ಕಣ್ಣಿಗೆ ಕಾಣದ ಬೆಳಕಿನಲ್ಲೂ ನೋಡಿ

ಉಪಗ್ರಹ ಬೇರೆಬೇರೆ ಬಗೆಯ ಬೆಳಕನ್ನು ಬೇರೆಬೇರೆ ಪಟ್ಟಿಗಳಲ್ಲಿ (ಬ್ಯಾಂಡ್) ದಾಖಲಿಸುತ್ತದೆ. ಸೆಂಟಿನೆಲ್-2ರ 8, 4, 3ನೇ ಪಟ್ಟಿಗಳನ್ನು ಜೋಡಿಸಿದರೆ ಜೀವಂತ ಹಸಿರು ಕೆಂಪಾಗಿ ಕಾಣುತ್ತದೆ. ಹಸಿರು ಜಾಲರಿ ಹೊದಿಸಿದ ವಸ್ತು ಕೆಂಪಾಗುವುದಿಲ್ಲ, ಮರೆಮಾಚಿದ್ದು ಹೀಗೆ ಬಯಲಾಗುತ್ತದೆ. ಅಭ್ಯಾಸಕ್ಕೆ ಕೋಲಾರದ ಕೆರೆಗಳನ್ನು ತೆಗೆದುಕೊಳ್ಳಿ. ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಿಂದ ಬರತೊಡಗಿದ ಮೇಲೆ ತುಂಬಿದ ಕೆರೆಗಳಲ್ಲಿ ಎಲ್ಲಿ ತಿಳಿನೀರು, ಎಲ್ಲಿ ಪಾಚಿ ಅಥವಾ ಜಂಡು ಎಂದು ಚಿತ್ರದಲ್ಲಿ ಬೇರ್ಪಡಿಸಿ, ಏರಿಯ ಮೇಲೆ ನಿಂತು ಸರಿಯೇ ನೋಡಿ.

ಲ್ಯಾಂಡ್‌ಸ್ಯಾಟ್ ಶಾಖವನ್ನೂ ಅಳೆಯುತ್ತದೆ. ನದಿಗೆ ಬಿಡುವ ಬಿಸಿನೀರಿನ ಜಾಡಿನಿಂದ ರಿಯಾಕ್ಟರ್ ಓಡುತ್ತಿದೆಯೇ ಎಂದು ಅಂದಾಜಿಸಬಹುದು. ಆದರೆ ಲ್ಯಾಂಡ್‌ಸ್ಯಾಟ್-8ರ ಶಾಖ ಪಟ್ಟಿಯ ವಿವರ 100 ಮೀಟರ್. ಸಣ್ಣ ಕಟ್ಟಡದ ಬಗ್ಗೆ ಅದರಿಂದ ಏನೂ ಹೇಳಬೇಡಿ.

ರೇಡಾರ್ ಚಿತ್ರಕ್ಕೆ ಮೋಡವೂ ಅಡ್ಡಿಯಲ್ಲ, ಕತ್ತಲೂ ಅಡ್ಡಿಯಲ್ಲ. 2017ರ ಸೆಪ್ಟೆಂಬರ್ 3ರಂದು ಉತ್ತರ ಕೊರಿಯಾದ ಪುಂಗ್ಯೆ-ರಿಯಲ್ಲಿ ನಡೆದ ಸ್ಫೋಟದ ಕಂಪನವನ್ನು ಜಗತ್ತಿನ ಭೂಕಂಪ ಕೇಂದ್ರಗಳು ದಾಖಲಿಸಿದವು. ಮಂಟಪ್ ಬೆಟ್ಟದ ಮೈ ಮೂರೂವರೆ ಮೀಟರಿನವರೆಗೆ ಪಕ್ಕಕ್ಕೆ ಸರಿದದ್ದನ್ನು ಅಳೆದದ್ದು ರೇಡಾರ್ ಉಪಗ್ರಹ. ಗೌರಿಬಿದನೂರಿನಂಥ ಕೇಂದ್ರದ ವಿದ್ಯೆಯೂ ಚಿತ್ರ ಓದುವ ವಿದ್ಯೆಯೂ ಕೈಜೋಡಿಸುವುದು ಹೀಗೆ. ಕಂಪನ ಎಷ್ಟು ದೊಡ್ಡ ಸ್ಫೋಟ ಎಂದು ಹೇಳಿದರೆ, ಚಿತ್ರ ಯಾವ ಬೆಟ್ಟದಡಿ ಎಂದು ತೋರಿಸುತ್ತದೆ.

ಹೆಜ್ಜೆ 6: ಘೋಷಣೆ–ತಾಳೆ ಅಭ್ಯಾಸ

ಇದನ್ನು ಇಬ್ಬರು ಸೇರಿ ಮಾಡಬೇಕು. ನಿಮ್ಮ ಗೆಳತಿ ಅಥವಾ ಗೆಳೆಯ ತಾನು ಓದಿದ ಕಾಲೇಜು ಕ್ಯಾಂಪಸ್ಸಿನ ಕಟ್ಟಡಗಳ ಪಟ್ಟಿ ಮಾಡಲಿ: ಯಾವುದು ಎಲ್ಲಿ, ಗಾತ್ರ ಎಷ್ಟು, ಬಳಕೆ ಏನು. ಬೇಕೆಂದೇ ಒಂದು ಕಟ್ಟಡ ಬಿಡಲಿ, ಒಂದರ ಬಳಕೆಯನ್ನು ತಪ್ಪಾಗಿ ಬರೆಯಲಿ. ನೀವು ಚಿತ್ರವಷ್ಟೇ ನೋಡಿ ಎರಡನ್ನೂ ಹುಡುಕಬೇಕು. ಬಿಟ್ಟ ಕಟ್ಟಡ ಬೇಗ ಸಿಗುತ್ತದೆ. ಬಳಕೆಯ ಸುಳ್ಳು ಹಿಡಿಯುವುದೇ ಕಷ್ಟ. ಹಾಸ್ಟೆಲ್ ಎಂದು ಬರೆದ ಕಟ್ಟಡದ ಚಾವಣಿಯಲ್ಲಿ ನೀರಿನ ಟ್ಯಾಂಕು, ಸೋಲಾರ್ ಹೀಟರ್ ಇವೆಯೇ? ಪ್ರಯೋಗಾಲಯ ಎಂದರೆ ಎಕ್ಸಾಸ್ಟ್ ಕೊಳವೆ ಇದೆಯೇ? ಕಾಲುದಾರಿಗಳು ಎಲ್ಲಿಂದ ಎಲ್ಲಿಗೆ ಸವೆದಿವೆ? ಐಎಇಎಯಲ್ಲಿ ಕೂತವರು ಕೇಳಿಕೊಳ್ಳುವುದೂ ಇದೇ ಬಗೆಯ ಪ್ರಶ್ನೆಗಳನ್ನು.

ಹೆಜ್ಜೆ 7: ಕಂಡಷ್ಟೇ ಬರೆಯಿರಿ

‘ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು’ ಎಂಬ ಗಾದೆ ಈ ಕೆಲಸಕ್ಕೆಂದೇ ಹುಟ್ಟಿದಂತಿದೆ. 2003ರ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಇರಾಕಿನ ಉಪಗ್ರಹ ಚಿತ್ರಗಳನ್ನು ತೋರಿಸಿದರು. ಬಂಕರ್ ಪಕ್ಕ ನಿಂತ ವಾಹನವನ್ನು ರಾಸಾಯನಿಕ ಅಸ್ತ್ರದ ಸೋರಿಕೆ ತೊಳೆಯುವ ವಾಹನ ಎಂದರು. ಅದು ಬೆಂಕಿ ಆರಿಸುವ ವಾಹನವೋ ನೀರಿನ ಲಾರಿಯೋ ಆಗಿರಬಹುದಿತ್ತು. ಯುದ್ಧ ನಡೆಯಿತು, ಹೇಳಿದ ಅಸ್ತ್ರ ದಾಸ್ತಾನು ಸಿಗಲಿಲ್ಲ. ಚಿತ್ರದ ಮೇಲಿನ ಒಂದು ಬಾಣದ ಗುರುತು, ಪಕ್ಕದ ಎರಡು ಪದ ಎಷ್ಟು ಜನರ ಬದುಕಿನ ಮೇಲೆ ಬೀಳಬಹುದು ಎಂದು ನೆನೆದರೆ ನನಗೆ ಈಗಲೂ ಕೈ ತಡೆಯುತ್ತದೆ.

ಲೆಕ್ಕ ಸರಿಯಿದ್ದೂ ತೀರ್ಮಾನ ತಪ್ಪಬಹುದು. 2006ರಲ್ಲಿ ಪಾಕಿಸ್ತಾನದ ಖುಷಾಬ್‌ನಲ್ಲಿ ಕಟ್ಟುತ್ತಿದ್ದ ಎರಡನೇ ರಿಯಾಕ್ಟರಿನ ಪಾತ್ರೆಯ ವ್ಯಾಸವನ್ನು ಚಿತ್ರದಲ್ಲಿ ಅಳೆದು, ಅದರ ಶಾಖ ಸಾಮರ್ಥ್ಯ 1000 ಮೆಗಾವ್ಯಾಟ್ ಇರಬಹುದು ಎಂಬ ಅಂದಾಜು ಪ್ರಕಟವಾಯಿತು. ಅದು ವಿಪರೀತ ಹೆಚ್ಚೆಂದು ಬೇರೆ ಪರಿಣತರು ಆಗಲೇ ಆಕ್ಷೇಪಿಸಿದರು. ಪಾತ್ರೆ ದೊಡ್ಡದೆಂದ ಮಾತ್ರಕ್ಕೆ ಶಕ್ತಿಯೂ ದೊಡ್ಡದಾಗಬೇಕಿಲ್ಲ. ಬಿಸಿ ಹೊರಹಾಕುವ ಕೂಲಿಂಗ್ ಟವರಿನ ಫ್ಯಾನುಗಳ ಸಂಖ್ಯೆ, ಗಾತ್ರ ಅದಕ್ಕಿಂತ ನಂಬಿಕಸ್ಥ ಅಳತೆ.

ವರದಿಯಲ್ಲಿ ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆಬೇರೆ ಇಡಿ. ಕೋಲಾರದ ಒಂದು ಹಳ್ಳಿಯ ಹೊರಗಿನ ಕಪ್ಪು ಚೌಕದ ಬಗ್ಗೆ ಅಭ್ಯಾಸದ ವರದಿ ಹೀಗಿರಬಹುದು:

‘ಕಂಡದ್ದು: ಅಂದಾಜು 20 ಮೀಟರ್ ಚೌಕದ ಕಪ್ಪು ಮೇಲ್ಮೈ, ಸುತ್ತ ಏರಿಸಿದ ಮಣ್ಣಿನ ದಂಡೆ. ಮಾರ್ಚ್ ಚಿತ್ರದಲ್ಲಿ ಇಲ್ಲ, ಮೇ ಚಿತ್ರದಲ್ಲಿ ಇದೆ. ಕಾರ್ಖಾನೆ ಕಟ್ಟಡವಾಗಲಿ ಪೈಪಾಗಲಿ ಕಾಣುವುದಿಲ್ಲ, ಪಕ್ಕದಲ್ಲಿ ತರಕಾರಿ ಹೊಲ ಇದೆ. ಊಹೆ: ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ, ಖಚಿತತೆ ಹೆಚ್ಚು. ಬೇರೆ ಸಾಧ್ಯತೆ: ಮೀನು ಸಾಕಣೆ ಕೊಳ. ತೀರ್ಮಾನ ಬದಲಿಸಬಲ್ಲದ್ದು: ಮಳೆಗಾಲದ ನಂತರವೂ ನೀರು ನಿಲ್ಲದಿದ್ದರೆ.’

ಆ ಕೊನೆಯ ಸಾಲು ಪ್ರತಿ ವರದಿಯಲ್ಲೂ ಇರಲಿ. ಐಎಇಎ ವರದಿಗಳು ಕೂಡ ‘ರಿಯಾಕ್ಟರ್ ಓಡುತ್ತಿದೆ’ ಎಂದು ಸುಮ್ಮನೆ ಬರೆಯುವುದಿಲ್ಲ. ‘ಓಡುತ್ತಿರುವುದಕ್ಕೆ ಹೊಂದುವ ಲಕ್ಷಣಗಳು ಕಂಡವು’ ಎನ್ನುತ್ತವೆ.

ಕಾನೂನು, ಕಟ್ಟುಪಾಡು

2021ರ ಫೆಬ್ರವರಿಯ ಮಾರ್ಗಸೂಚಿಯ ನಂತರ ಭಾರತದಲ್ಲಿ ನಕ್ಷೆ ಮತ್ತು ಭೂಮಾಹಿತಿಯ ಕೆಲಸ ಬಹಳ ಸಡಿಲವಾಗಿದೆ. ಆದರೆ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಜಾರಿಯಲ್ಲೇ ಇದೆ. ನಮ್ಮ ದೇಶದ ರಕ್ಷಣಾ ಮತ್ತು ಪರಮಾಣು ನಿವೇಶನಗಳನ್ನು ಅಭ್ಯಾಸದ ವಸ್ತು ಮಾಡಿಕೊಳ್ಳಬೇಡಿ, ಅವುಗಳ ಹತ್ತಿರ ಹೋಗಿ ಫೋಟೊ ತೆಗೆಯಬೇಡಿ. ಕ್ವಾರಿ, ಕೆರೆ, ಸೋಲಾರ್ ಪಾರ್ಕು, ಹಳೆಯ ಗಣಿ ಕಲಿಯಲು ಧಾರಾಳವಾಗಿ ಸಾಕು. ಕ್ವಾರಿಯ ಅಂಚಿಗೂ ಸೈನೈಡ್ ದಿಬ್ಬದ ಮೇಲೂ ಹೋಗಬೇಡಿ. ಒಂದು ಕಡೆ ಸಿಡಿಮದ್ದು, ಇನ್ನೊಂದು ಕಡೆ ಕುಸಿಯುವ ಮಣ್ಣು ಮತ್ತು ವಿಷದ ಧೂಳು.

ಓದು ಮತ್ತು ಉದ್ಯೋಗ

ಡೆಹ್ರಾಡೂನಿನ ಭಾರತೀಯ ದೂರಸಂವೇದಿ ಸಂಸ್ಥೆ ಉಚಿತ ಆನ್‌ಲೈನ್ ತರಬೇತಿಗಳನ್ನು ನಡೆಸುತ್ತದೆ, ಪದವಿ ಓದುವಾಗಲೇ ಸೇರಿಕೊಳ್ಳಿ. ಆಮೇಲೆ ಜಿಯೊಇನ್ಫರ್ಮ್ಯಾಟಿಕ್ಸ್ ಅಥವಾ ದೂರಸಂವೇದಿಯಲ್ಲಿ ಸ್ನಾತಕೋತ್ತರ ಪದವಿ ಮಾಡಿ. ಪರಮಾಣು ತಂತ್ರಜ್ಞಾನವನ್ನು ಪಕ್ಕದಲ್ಲಿ ನೀವೇ ಓದಿಕೊಳ್ಳಬೇಕು. ಎರಡೂ ಗೊತ್ತಿರುವವರು ಅಪರೂಪ, ಅದೇ ನಿಮ್ಮ ಬಲ. ಇಂಗ್ಲಿಷಿನಲ್ಲಿ ಚುಟುಕಾಗಿ, ತೂಗಿ ಬರೆಯುವುದನ್ನು ರೂಢಿಸಿಕೊಳ್ಳಿ. ಜೊತೆಗೆ ಕೊರಿಯನ್, ಪರ್ಷಿಯನ್, ಚೀನೀ ಭಾಷೆಗಳಲ್ಲಿ ಒಂದು ಬಂದರೆ ಬಾಗಿಲು ಇನ್ನಷ್ಟು ತೆರೆಯುತ್ತದೆ.

ಮೊದಲ ಕೆಲಸ ನೇರವಾಗಿ ಪರಮಾಣು ಕ್ಷೇತ್ರದಲ್ಲಿ ಸಿಗುವುದು ವಿರಳ. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ಇದೆ, ಪಿಕ್ಸೆಲ್, ಸ್ಯಾಟ್‌ಶೂರ್‌ನಂಥ ಕಂಪನಿಗಳಿವೆ. ಬೆಳೆ, ಪ್ರವಾಹ, ನಗರದ ನಕ್ಷೆ ಮಾಡುತ್ತ ಕೆಲವು ವರ್ಷ ಕಣ್ಣು ಹರಿತ ಮಾಡಿಕೊಳ್ಳಿ. ಐಎಇಎಗೆ ಭಾರತ ಸ್ಥಾಪಕ ಸದಸ್ಯ. ಪರಮಾಣು ಪ್ರಸರಣ ತಡೆ ಒಪ್ಪಂದಕ್ಕೆ ನಾವು ಸಹಿ ಹಾಕಿಲ್ಲ, ಆದರೆ ಅದು ಭಾರತೀಯರು ಅಲ್ಲಿ ಕೆಲಸಕ್ಕೆ ಅರ್ಜಿ ಹಾಕಲು ಅಡ್ಡಿಯಲ್ಲ. ವಿಶ್ಲೇಷಕರ ಹುದ್ದೆಗಳಿಗೆ ಉನ್ನತ ಪದವಿಯ ಜೊತೆ ಹಲವು ವರ್ಷಗಳ ಅನುಭವ ಕೇಳುತ್ತಾರೆ. ಅಲ್ಲಿನ ನೌಕರಿ ಸಾಮಾನ್ಯವಾಗಿ ಅವಧಿಯ ಗುತ್ತಿಗೆ, ಜೀವನಪೂರ್ತಿ ಅಲ್ಲ. ಪರಮಾಣು ವಿಷಯಗಳಲ್ಲಿ ಸ್ನಾತಕೋತ್ತರ ಓದುವ ಹೆಣ್ಣುಮಕ್ಕಳಿಗೆ ಸಂಸ್ಥೆ 2020ರಲ್ಲಿ ಮೇರಿ ಸ್ಕ್ಲೊಡೊವ್‌ಸ್ಕಾ ಕ್ಯೂರಿ ಫೆಲೋಶಿಪ್ ಆರಂಭಿಸಿದೆ. ಪ್ರಸರಣ ತಡೆ ವಿಷಯವೂ ಅದರಲ್ಲಿ ಸೇರಿದೆ. ನಮ್ಮ ಕಾಲೇಜುಗಳ ಹುಡುಗಿಯರು ಇದನ್ನು ಖಂಡಿತ ಪ್ರಯತ್ನಿಸಬೇಕು.

ಅರ್ಜಿಯ ಜೊತೆ ಇಡಲು ಪ್ರಮಾಣಪತ್ರಗಳಿಗಿಂತ ಹೆಚ್ಚು ತೂಕದ್ದು ನಿಮ್ಮ ವರದಿಗಳ ಕಟ್ಟು. ಮೇಲೆ ಹೇಳಿದ ಅಭ್ಯಾಸಗಳ ಆಯ್ದ ವರದಿಗಳನ್ನು ಇಂಗ್ಲಿಷಿಗೆ ತಂದು, ಚಿತ್ರದ ದಿನಾಂಕ, ಉಪಗ್ರಹದ ಹೆಸರು, ಅಳತೆಯ ವಿಧಾನ ನಮೂದಿಸಿ ಜೋಡಿಸಿ. ಸ್ಥಳಕ್ಕೆ ಹೋದಾಗ ನಿಮ್ಮ ಊಹೆ ಸರಿಬಂತೋ ತಪ್ಪಿತೋ ಎಂಬುದನ್ನು ಪ್ರತಿ ವರದಿಯ ಕೆಳಗೆ ಇದ್ದಂತೆಯೇ ಬರೆಯಿರಿ. ಸರಿಬಂದವನ್ನಷ್ಟೇ ಆರಿಸಿ ಕಳಿಸಬೇಡಿ. ಆಯ್ಕೆ ಸಮಿತಿಯಲ್ಲಿ ಕೂತವರು ಮೊದಲು ಹುಡುಕುವುದು, ಖಚಿತತೆ ಕಡಿಮೆ ಎಂದು ನೀವು ಬರೆದ ಕಡೆ ನಿಜಕ್ಕೂ ಅನುಮಾನಕ್ಕೆ ಎಡೆ ಇತ್ತೇ ಎಂಬುದನ್ನು.